ಬ್ರ್ಯಾಂಡ್ ದನಿ

ಸಾಮಾಜಿಕ ಜಾಲತಾಣಗಳಲ್ಲಿ ಸಂಸ್ಥೆಯೊಂದು ಜನರೊಡನೆ ಮಾತಾಡುವ, ಹೆಸರು ಮುಚ್ಚಿದರೂ ಗುರುತು ಸಿಗುವ ರೀತಿ. ಲಾಂಛನ, ಬಣ್ಣಗಳಿಗಿಂತ ಪದಗಳ ಆಯ್ಕೆ, ಹಾಸ್ಯದ ಮಟ್ಟ, ದೂರಿಗೆ ಉತ್ತರಿಸುವ ಬಗೆ ಇದನ್ನು ರೂಪಿಸುತ್ತವೆ.

ಭಾರತದಲ್ಲಿ ಇದರ ಬೇರು ಜಾಲತಾಣಗಳಿಗಿಂತ ಹಳೆಯದು. ಅಮುಲ್ ಬೆಣ್ಣೆಗಾಗಿ 1966ರಲ್ಲಿ ಸಿಲ್ವೆಸ್ಟರ್ ಡಾ ಕುನ್ಹಾ ಮತ್ತು ಚಿತ್ರಕಾರ ಯುಸ್ಟೇಸ್ ಫರ್ನಾಂಡಿಸ್ ರೂಪಿಸಿದ ಚುಕ್ಕಿ ಫ್ರಾಕಿನ ಹುಡುಗಿ, ರಸ್ತೆಬದಿಯ ಫಲಕದಿಂದ ಮೊಬೈಲಿಗೆ ಬಂದರೂ ತುಂಟತನ ಬಿಡಲಿಲ್ಲ.

ದಕ್ಷಿಣದ ಅತ್ಯುತ್ತಮ ಉದಾಹರಣೆ ವ್ಯಾಪಾರ ಸಂಸ್ಥೆಯದಲ್ಲ. ತಿರುವನಂತಪುರದಿಂದ ನಡೆಯುವ ಕೇರಳ ಪೊಲೀಸರ ಫೇಸ್‌ಬುಕ್ ಪುಟದ್ದು. 2018ರ ಸುಮಾರಿಗೆ ಅದು ಸುತ್ತೋಲೆಯ ಭಾಷೆ ಬಿಟ್ಟು, ಮಲಯಾಳಂ ಸಿನಿಮಾ ದೃಶ್ಯಗಳ ಮೀಮ್‌ಗಳ ಮೂಲಕ ಹೆಲ್ಮೆಟ್, ಆನ್‌ಲೈನ್ ವಂಚನೆಗಳ ಬಗ್ಗೆ ಎಚ್ಚರಿಸತೊಡಗಿತು. ಜನರ ಪ್ರತಿಕ್ರಿಯೆಗಳಿಗೂ ಅದೇ ಧಾಟಿಯ ಉತ್ತರ. ಅನುಯಾಯಿಗಳು 10 ಲಕ್ಷ ದಾಟಿದರು. ಗೆಲುವಿನ ಗುಟ್ಟು ನಗೆಯೊಂದೇ ಅಲ್ಲ, ನಾಡಿನವರಿಗೆಲ್ಲ ಬಾಯಿಪಾಠವಾಗಿರುವ ಸಂಭಾಷಣೆಗಳು. ಅವನ್ನೇ ಕನ್ನಡಕ್ಕೆ ತಂದರೆ ಸಪ್ಪೆಯಾದಾವು. ಬೆಂಗಳೂರಿನ ಅಂಗಡಿಗೆ ರಾಜ್‌ಕುಮಾರ್, ಉಪೇಂದ್ರರ ಚಿತ್ರಗಳ ನೆನಪೇ ಬೇಕು.

ಎಲ್ಲರಿಗೂ ತುಂಟತನ ಒಪ್ಪುವುದಿಲ್ಲ. ಕೊಚ್ಚಿ ಬಳಿಯ ಅಂಬಲಮುಗಳ್‌ನಲ್ಲಿರುವ ತೈಲ ಶುದ್ಧೀಕರಣಾಗಾರದಂಥ ಉದ್ಯಮಕ್ಕೆ, ಸುತ್ತಲಿನ ಮನೆಗಳವರು ಸುರಕ್ಷತೆಯ ಬಗ್ಗೆ ಕೇಳುವಾಗ, ನೇರವೂ ಗಂಭೀರವೂ ಆದ ಮಾತೇ ಸರಿಯಾದ ದನಿ.