ಕೊಳಗದ ಅಳತೆ

ಬ್ಲಾಗಿನ ಕಡೆ ತಲೆ ಹಾಕದೆ ಎರಡು ತಿಂಗಳಾಯ್ತು. ಆಫೀಸಿನಲ್ಲಿ ಒಂದು ರಿಲೀಸ್, ಆಮೇಲೆ ಆ ರಿಲೀಸ್ ಸರಿಯಿಲ್ಲ ಅಂತ ಇನ್ನೊಂದು ರಿಲೀಸ್. ನಮ್ಮ ಹಣೆಬರಹ ನಿಮಗೂ ಗೊತ್ತಿರೋದೇ ಬಿಡಿ... ಇವತ್ತು ಕೂತಿರೋದು ಕವನ ಬರೆಯೋಕಲ್ಲ, ಬೆಂಗಳೂರಿನ ಟ್ರಾಫಿಕ್ ಪುರಾಣ ಹೇಳೋಕೂ ಅಲ್ಲ. ಗುತ್ತಿಗೆಯ ಬಗ್ಗೆ. ಬೋರು ಅನ್ನಿಸಿದ್ರೆ ಈಗಲೇ ಹೇಳಿಬಿಡಿ :-)

ಸಖರಾಯಪಟ್ಟಣದಿಂದ ದೊಡ್ಡಪ್ಪ ಫೋನ್ ಮಾಡಿದ್ದರು. ಸೋಲಾರ್‌ಗೆ ಜಮೀನು ಕೊಡ್ತೀರಾ ಅಂತ ಯಾರೋ ಬಂದು ಕೇಳಿ ಹೋದರಂತೆ. "ಪಾವಗಡದಲ್ಲಿ ಎಕರೆಗೆ ಇಪ್ಪತ್ತೊಂದು ಸಾವಿರ ಕೊಡ್ತಾರಂತಲ್ಲೋ, ಅದು ಒಳ್ಳೇ ರೇಟೇನೋ?" ಅಂತ ಪ್ರಶ್ನೆ. ಹೌದು, ಇಲ್ಲ ಅಂತ ಒಂದೇ ಮಾತಲ್ಲಿ ಮುಗಿಯೋ ಉತ್ತರ ಅಲ್ಲ ಅದು. ಹುಡುಕುತ್ತಾ ಹೋದರೆ ನಮ್ಮ ಪಕ್ಕದ ತರೀಕೆರೆಯಿಂದ ಹಿಡಿದು ಅಮೆರಿಕದ ಪೆನ್ಸಿಲ್ವೇನಿಯಾದವರೆಗೆ ಎಲ್ಲೆಲ್ಲೋ ಸುತ್ತಾಡಿಸಿತು. ಫೋನಿನಲ್ಲಿ ಹೇಳೋಕಾಗದ್ದನ್ನ ಇಲ್ಲಿ ಬರೀತಾ ಇದೀನಿ.

ಮೊದಲು ಪಾವಗಡದ ವಿಷಯ. ತುಮಕೂರು ಜಿಲ್ಲೆಯ ಈ ತಾಲೂಕಿನ ಸುತ್ತ ಬಹುಪಾಲು ಆಂಧ್ರವೇ. ನಮ್ಮ ಕಡೂರಿನ ಹಾಗೇ ಬಯಲುಸೀಮೆ, ನಮಗಿಂತ ಒಂದು ಕೈ ಹೆಚ್ಚೇ ಬರ. ಕಡಲೆಕಾಯಿ ಬಿತ್ತೋದು, ಆಕಾಶ ನೋಡೋದು. ಅಲ್ಲಿ ಸೋಲಾರ್ ಪಾರ್ಕ್ ಮಾಡಬೇಕು ಅಂತ 2015ರಲ್ಲಿ ರಾಜ್ಯ ಮತ್ತು ಕೇಂದ್ರದ ಸಂಸ್ಥೆಗಳೆರಡು ಸೇರಿ ಕರ್ನಾಟಕ ಸೋಲಾರ್ ಪವರ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಅನ್ನೋ ಕಂಪನಿ ಮಾಡಿದವು. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಇವು ಊರುಗಳು. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. 2018ರ ಮಾರ್ಚ್ 1ರಂದು ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಉದ್ಘಾಟನೆ ಮಾಡಿದರು, 2019ರ ಕೊನೆಗೆ ಪೂರ್ತಿ ಆಯ್ತು. ಹೆಸರು 'ಶಕ್ತಿಸ್ಥಳ'.

ವಿಶೇಷ ಏನಪ್ಪಾ ಅಂದ್ರೆ, ಇಷ್ಟು ಜಮೀನನ್ನ ಸರ್ಕಾರ ರೈತರಿಂದ ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ತಗೊಂಡಿತು. 2014ರ ಜನವರಿಯಿಂದ ಹೊಸ ಭೂಸ್ವಾಧೀನ ಕಾಯ್ದೆ ಜಾರಿಗೆ ಬಂದಿತ್ತು. ಸ್ವಾಧೀನ ಅಂದ್ರೆ ದುಬಾರಿ, ತಡ, ಕೋರ್ಟು ಕಚೇರಿ. ಸೋಲಾರ್ ಪಾರ್ಕಿಗೆ ಬೇಕಾದ್ದು ಒಂದೇ ಕಡೆ ಹಾಸಿಕೊಂಡ ಜಮೀನು. ಮಧ್ಯದಲ್ಲಿ ನಾಲ್ಕು ಜನ ಆಗಲ್ಲ ಅಂದ್ರೆ ನಕ್ಷೆಯೆಲ್ಲ ತೂತು. ರೈತರ ಕೈಯಲ್ಲಿದ್ದ ಶಕ್ತಿ ಅಂದ್ರೆ ಈ "ಆಗಲ್ಲ" ಅನ್ನೋ ಮಾತು ಒಂದೇ. ಹಳ್ಳಿಗಳಲ್ಲಿ ಸಭೆಗಳಾಗಿ ಕೊನೆಗೆ ನಿಂತದ್ದು ಇದು: ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ, ದೀರ್ಘಾವಧಿಯ ಒಪ್ಪಂದ. ಮಾಲೀಕತ್ವ ರೈತನದ್ದೇ.

ಇದೇ ಜಮೀನಿನ ಕೆಳಗೆ ಎಣ್ಣೆಯೋ ಗ್ಯಾಸೋ ಸಿಕ್ಕಿದ್ದರೆ ಈ ಸಭೆಗಳೇ ನಡೀತಿರಲಿಲ್ಲ. ನಮ್ಮ ದೇಶದಲ್ಲಿ ಎಣ್ಣೆಗೆ ಲೈಸೆನ್ಸ್, ಗುತ್ತಿಗೆ ಎಲ್ಲ 1948ರ ಆಯಿಲ್‌ಫೀಲ್ಡ್ಸ್ ಕಾಯ್ದೆಯ ಪ್ರಕಾರ ಸರ್ಕಾರದ ಕೈಲಿ. ಖನಿಜದ ಮೇಲಿನ ಹಕ್ಕು ರಾಜ್ಯದ್ದು ಅಂತ ಕರ್ನಾಟಕ ಭೂಕಂದಾಯ ಕಾಯ್ದೆಯ 70ನೇ ಕಲಂ ಹೇಳುತ್ತೆ. ರೈತನಿಗೆ ಸಿಗೋದು ಮೇಲಿನ ಮಣ್ಣಿಗೆ ಪರಿಹಾರ ಅಷ್ಟೇ. 1873ರಲ್ಲಿ ಮೈಕೇಲ್ ಲವೆಲ್ ಅನ್ನೋ ಮನುಷ್ಯ ಕೋಲಾರದ ಚಿನ್ನಕ್ಕೆ ಅರ್ಜಿ ಹಾಕಿದ್ದು ಮೈಸೂರು ಸರ್ಕಾರಕ್ಕೆ; ಕೋಲಾರದ ರೈತರನ್ನ ಕೇಳೋ ಪ್ರಮೇಯವೇ ಬರಲಿಲ್ಲ. (ಕೇರಳದ ಮಲಬಾರಿನ ಜನ್ಮಿ ಜಮೀನುಗಳ ಕೇಸಿನಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು, ಕಾನೂನು ತಪ್ಪಿಸಿಲ್ಲದಿದ್ದರೆ ನೆಲದ ಕೆಳಗಿರೋದೂ ನೆಲದ ಒಡೆಯನದ್ದೇ ಅಂದಿದೆ. ಅದು ಬೇರೆಯೇ ಕಥೆ, ಇನ್ನೊಂದು ದಿನ.)

ಅಮೆರಿಕದಲ್ಲಿ ಹಾಗಲ್ಲ. ಖಾಸಗಿ ಜಮೀನಿನ ಕೆಳಗಿನ ಗ್ಯಾಸು, ಮೊದಲೇ ಮಾರಿಕೊಂಡಿಲ್ಲದಿದ್ದರೆ, ಆ ಜಮೀನಿನವನದ್ದೇ. ಹಾಗಾಗಿ ಅಲ್ಲಿ ಕಂಪನಿಯ ಏಜೆಂಟು ಮನೆಮನೆಗೆ ಬರ್ತಾನೆ. 2006ರ ಹೊತ್ತಿಗೆ ಪೆನ್ಸಿಲ್ವೇನಿಯಾದ ಡಿಮೊಕ್ ಅನ್ನೋ ಊರಿಗೆ ಬಂದವರು ಕೊಟ್ಟದ್ದು ಎಕರೆಗೆ 25 ಡಾಲರ್. ಹಾಲು ಕರೆದು ಸಾಲ ತೀರಿಸುತ್ತಿದ್ದ ರೈತರು, ಬಂದಷ್ಟು ಬರಲಿ ಅಂತ ಒಬ್ಬೊಬ್ಬರಾಗಿ ಸಹಿ ಹಾಕಿದರು. ಪಕ್ಕದ ನ್ಯೂಯಾರ್ಕ್ ರಾಜ್ಯದ ಡೆಪಾಸಿಟ್ ಸುತ್ತಮುತ್ತಲಿನವರು (ಊರಿನ ಹೆಸರೇ ಅದು!) ಇದನ್ನ ನೋಡಿ ಬುದ್ಧಿವಂತರಾದರು. ನೂರಾರು ಕುಟುಂಬ ಸೇರಿ ಜಮೀನೆಲ್ಲ ಒಂದೇ ನಕ್ಷೆಗೆ ಹಾಕಿ, ನಮ್ಮೆಲ್ಲರದ್ದೂ ತಗೊಳ್ಳಿ, ಇಲ್ಲಾ ಬಿಡಿ ಅಂದರು. ಗ್ಯಾಸ್ ಬಾವಿ ಕೆಳಗಿಳಿದು ಅಡ್ಡಡ್ಡಕ್ಕೆ ಕಿಲೋಮೀಟರುಗಟ್ಟಲೆ ಹೋಗೋದ್ರಿಂದ ಕಂಪನಿಗೂ ಬೇಕಾದ್ದು ಹಾಸಿಕೊಂಡ ಜಮೀನೇ. 2008ರಲ್ಲಿ ಎಕ್ಸ್‌ಟಿಒ ಕಂಪನಿ ಎಕರೆಗೆ ಸುಮಾರು 2,400 ಡಾಲರ್, ಒಟ್ಟು 11 ಕೋಟಿ ಡಾಲರಿನಷ್ಟು ಕೊಟ್ಟಿತು. ಎರಡೇ ವರ್ಷದಲ್ಲಿ 25ರಿಂದ 2,400! ಗ್ಯಾಸಿನ ರೇಟೂ ಆಗ ಏರಿತ್ತು, ಆದ್ರೆ ಅದೊಂದೇ ಕಾರಣ ಅಲ್ಲ.

ಇಲ್ಲಿಗೆ "ಒಗ್ಗಟ್ಟಿನಲ್ಲಿ ಬಲವಿದೆ" ಅಂತ ನಾಲ್ಕನೇ ಕ್ಲಾಸಿನ ಪಾಠದ ಹಾಗೆ ಮುಗಿಸಬಹುದಿತ್ತು. ಆದರೆ ನಮ್ಮ ಇತಿಹಾಸ ಅಷ್ಟು ಸುಲಭಕ್ಕೆ ಬಿಡಲ್ಲ.

1830. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲ. ಆಗ 'ಷರತ್ತು' ಅನ್ನೋ ಪದ್ಧತಿ ಇತ್ತು. ನನ್ನ ತಾಲೂಕಿನಿಂದ ಇಷ್ಟು ಕಂದಾಯ ಎತ್ತಿ ಕೊಡ್ತೀನಿ ಅಂತ ಅಮಲ್ದಾರ ಬರೆದುಕೊಡೋದು, ಆಮೇಲೆ ಅದನ್ನ ರೈತರ ಕುತ್ತಿಗೆ ಹಿಡಿದು ವಸೂಲಿ ಮಾಡೋದು. (ಸೇಲ್ಸ್‌ನವರು ಕ್ಲೈಂಟಿಗೆ ಮಾತು ಕೊಟ್ಟು ಬಂದು ನಮ್ಮ ತಲೆಗೆ ಕಟ್ತಾರಲ್ಲ, ಹಾಗೆ.) ನಗರ ಸೀಮೆಯ ರೈತರು ಬೇಸತ್ತು ಕೂಟ ಸೇರೋಕೆ ಶುರು ಮಾಡಿದರು. ಅದರ ಹೆಸರೇ 'ಕೂಟ'. ಊರೂರಿನವರು ಒಂದೆಡೆ ಕೂತು, ಕಂದಾಯ ಕೊಡಲ್ಲ, ಮೊದಲು ನಮ್ಮ ಮಾತು ಕೇಳಿ ಅಂದರು. ನನಗೆ ತಿಳಿದ ಮಟ್ಟಿಗೆ ನಮ್ಮ ಸೀಮೆಯಲ್ಲಿ ಜಮೀನಿನವರು ಒಟ್ಟಾಗಿ ಚೌಕಾಶಿಗೆ ಕೂತ ದೊಡ್ಡ ಪ್ರಸಂಗ ಇದೇ. ನಮ್ಮ ಪಕ್ಕದ ತರೀಕೆರೆಯ ಪಾಳೆಯಗಾರರೂ ಸೇರಿಕೊಂಡರು. ಇನ್ನೊಂದು ಕಡೆ, ನಗರದ ಸಿಂಹಾಸನ ನನ್ನದು ಅಂತ ಬೂದಿ ಬಸವಪ್ಪ ಎದ್ದ. ಕೂಟದ ಹಿಂದಿದ್ದ ಕಂದಾಯದ ಗೋಳು ಅವನ ಪಟ್ಟದ ಆಸೆಯಲ್ಲಿ ಮುಳುಗಿಹೋಯ್ತು. 1831ರಲ್ಲಿ ಬೆಂಟಿಂಕ್ ಇದನ್ನೇ ನೆಪ ಮಾಡಿ ರಾಜ್ಯದ ಆಡಳಿತವನ್ನೇ ಬ್ರಿಟಿಷರ ಕೈಗೆ ತಗೊಂಡ. ರೈತರ ಪರವಾಗಿ ಮಾತಾಡೋಕೆ ಬಂದವನ ಸ್ವಂತ ಲೆಕ್ಕ ಏನು ಅನ್ನೋದನ್ನ ಕೂಟ ಕೇಳಿಕೊಳ್ಳಬೇಕಿತ್ತು ಅಂತ ನನಗನ್ನಿಸುತ್ತೆ.

ಅಲ್ಲಿಂದ 120 ವರ್ಷ ಮುಂದೆ, 1951, ಸಾಗರದ ಹತ್ತಿರದ ಕಾಗೋಡು. ಈ ಸಲ ಜಮೀನಿನವರಲ್ಲ, ಗೇಣಿದಾರರು ಕೂಡಿದ್ದು. ಗಣಪತಿಯಪ್ಪನವರ ರೈತ ಸಂಘ, ಆಮೇಲೆ ಗೋಪಾಲಗೌಡರು, ಆಮೇಲೆ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ಎಲ್ಲ ನೀವು ಓದಿರ್ತೀರ. ನನ್ನನ್ನ ಹಿಡಿದು ನಿಲ್ಲಿಸಿದ್ದು ಜಗಳದ ಕಾರಣ: ಕೊಳಗ! ಗೇಣಿ ಇಷ್ಟು ಕೊಳಗ ಭತ್ತ ಅಂತ ಮಾತಾಗಿರುತ್ತೆ, ಆದ್ರೆ ಒಡೆಯ ಅಳೆದುಕೊಳ್ಳೋ ಕೊಳಗ ಮಾಮೂಲಿ ಕೊಳಗಕ್ಕಿಂತ ದೊಡ್ಡದು. ಸಂಖ್ಯೆ ಬದಲಾಗಿಲ್ಲ, ಲೆಕ್ಕ ಸರಿಯಾಗೇ ಇದೆ, ಮನೆಗೆ ಬರೋ ಭತ್ತ ಮಾತ್ರ ಕಮ್ಮಿ. ಅಕ್ಷರ ಬಾರದ ಗೇಣಿದಾರರಿಗೆ ಇದು ಚೆನ್ನಾಗಿ ಗೊತ್ತಿತ್ತು. ಎಷ್ಟು ಕೊಳಗ ಅನ್ನೋದರ ಮೊದಲು ಯಾವ ಕೊಳಗ ಅನ್ನೋದು ತೀರ್ಮಾನ ಆಗಲಿ ಅಂತ ಪಟ್ಟು ಹಿಡಿದರು. ಆ ಚಳವಳಿಯ ಬಿಸಿ ದೇವರಾಜ ಅರಸರ 1974ರ ಭೂಸುಧಾರಣೆಯವರೆಗೂ ಹರಿದು, ಉಳುವವನೇ ಒಡೆಯ ಅಂತಾಗಿ, ಕೃಷಿ ಜಮೀನನ್ನ ಗೇಣಿಗೆ ಕೊಡೋದಕ್ಕೇ ಕಾನೂನಿನ ತಡೆ ಬಿತ್ತು.

ಈಗ ಅಮೆರಿಕಕ್ಕೆ ವಾಪಸ್ ಬನ್ನಿ. ಪೆನ್ಸಿಲ್ವೇನಿಯಾದಲ್ಲಿ ಗ್ಯಾಸ್ ಮಾರಿದ ದುಡ್ಡಲ್ಲಿ ಎಂಟನೇ ಒಂದು ಭಾಗಕ್ಕೆ ಕಮ್ಮಿಯಿಲ್ಲದೆ ಜಮೀನಿನವನಿಗೆ ರಾಯಲ್ಟಿ ಕೊಡಬೇಕು ಅಂತ 1979ರ ಕಾನೂನಿದೆ. ಯಾವುದರ ಎಂಟನೇ ಒಂದು ಭಾಗ? ಗ್ಯಾಸನ್ನ ಶುದ್ಧ ಮಾಡಿ, ಒತ್ತಿ, ಪೈಪಿನಲ್ಲಿ ಸಾಗಿಸೋ ಖರ್ಚು ಕಳೆದ ಮೇಲೋ, ಮೊದಲೋ? ಕಾನೂನು ಬಾಯಿ ಬಿಡಲಿಲ್ಲ. ಕಿಲ್ಮರ್ ಅನ್ನೋ ಕುಟುಂಬದ ಕೇಸಿನಲ್ಲಿ 2010ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು, ಖರ್ಚು ಕಳೆದು ಕೊಡಬಹುದು ಅಂತ ತೀರ್ಪು ಕೊಟ್ಟಿತು. ಅದೇ ಕೊಳಗ, ಬೇರೆ ದೇಶ! ಗುಂಪಾಗಿ ಕೂತವರಲ್ಲೂ ಜಾಣರು, "ಖರ್ಚು ಕಳೆಯುವಂತಿಲ್ಲ" ಅನ್ನೋ ಒಂದು ಸಾಲನ್ನ ಒಪ್ಪಂದದಲ್ಲೇ ಬರೆಸಿಕೊಂಡರು.

ಡೆಪಾಸಿಟ್‌ನವರ ಕಥೆ ತದ್ವಿರುದ್ಧ. ನ್ಯೂಯಾರ್ಕ್ ಸರ್ಕಾರ 2008ರಲ್ಲೇ ಕಲ್ಲು ಸಿಡಿಸಿ ಗ್ಯಾಸ್ ತೆಗೆಯೋ ಹೊಸ ಪದ್ಧತಿಗೆ ತಡೆ ಹಾಕಿ, 2014ರ ಡಿಸೆಂಬರಿನಲ್ಲಿ ನಿಷೇಧವನ್ನೇ ಘೋಷಿಸಿತು. ಆ ಬಾವಿಗಳೇ ಬರಲಿಲ್ಲ, ರಾಯಲ್ಟಿಯ ಮಾತೇ ಇಲ್ಲ. ಅವರ ಪಾಲಿಗೆ ನಿಜವಾಗಿ ಬಂದದ್ದು ಆ ಮೊದಲ 2,400 ಡಾಲರ್ ಮಾತ್ರ. ಹಾಗಾಗಿ ಕೈಗೆ ಮೊದಲು ಬರೋ ದುಡ್ಡು ಮುಖ್ಯ ಅಲ್ಲ ಅಂತ ನಾನು ಹೇಳೋಕೆ ಹೋಗಲ್ಲ.

ಇನ್ನು ಅವಧಿ. ಅಲ್ಲಿನ ಗ್ಯಾಸ್ ಗುತ್ತಿಗೆಯಲ್ಲಿ ಸಾಮಾನ್ಯವಾಗಿ ಬರೆದಿರುತ್ತೆ: ಇಂತಿಷ್ಟು ವರ್ಷ, ಆಮೇಲೆ ಗ್ಯಾಸ್ ಬರುವ ತನಕ. ಈ "ತನಕ" ಅನ್ನೋ ಪದ ನೋಡಿದಾಗ ನಮ್ಮೂರಿನ ಹೊನ್ನಬಿಲ್ಲ ನೆನಪಾದ. ಅಯ್ಯನಕೆರೆ ಗೊತ್ತಲ್ಲ, ಶಕುನಗಿರಿಯ ಬುಡದ ಕೆರೆ, ರುಕ್ಮಾಂಗದ ರಾಜ ಕಟ್ಟಿಸಿದ್ದು ಅಂತ ಹೇಳ್ತಾರೆ. ಅದರ ಕಾವಲುಗಾರ ಹೊನ್ನಬಿಲ್ಲ. ಕೆರೆ ಒಡೀತೀನಿ ಅಂತ ಗಂಗಮ್ಮ ಅವನಿಗೆ ಹೇಳಿದಳಂತೆ. ರಾಜನಿಗೆ ಸುದ್ದಿ ಮುಟ್ಟಿಸಿ ನಾನು ವಾಪಸ್ ಬರೋ ತನಕ ಒಡೀಬೇಡ ತಾಯಿ ಅಂತ ಅವನು ಮಾತು ತಗೊಂಡ. ಹೋದವನು ತನ್ನ ತಲೆಯನ್ನೇ ಕೊಟ್ಟ. ವಾಪಸ್ ಬರಲೇ ಇಲ್ಲ, ಕೆರೆಯೂ ಒಡೆಯಲಿಲ್ಲ. ಇದಕ್ಕಿಂತ ಗಟ್ಟಿಯಾದ ಅವಧಿಯ ಕಲಂ ನಾನಂತೂ ಎಲ್ಲೂ ಓದಿಲ್ಲ.

ಸರಿ, ದೊಡ್ಡಪ್ಪನ 21,000ಕ್ಕೆ ಬರೋಣ. ಎಕ್ಸೆಲ್ ತೆಗೆದು ಕೂತೆ, ಅದೊಂದೇ ನಮಗೆ ಬರೋ ವಿದ್ಯೆ. ಎರಡು ವರ್ಷಕ್ಕೆ ಶೇ. 5 ಅಂದ್ರೆ ವರ್ಷಕ್ಕೆ ಸುಮಾರು ಶೇ. 2.5. ಇಪ್ಪತ್ನಾಲ್ಕು ವರ್ಷದಲ್ಲಿ ಹನ್ನೆರಡು ಏರಿಕೆ, ಆಗ ಎಕರೆಗೆ ಸುಮಾರು 37,700 ರೂಪಾಯಿ. ನೋಡೋಕೆ ಚೆನ್ನಾಗಿದೆ. ಆದ್ರೆ ಬೆಲೆಯೇರಿಕೆ? ರಿಸರ್ವ್ ಬ್ಯಾಂಕ್ 2016ರಿಂದ ಇಟ್ಟುಕೊಂಡಿರೋ ಗುರಿಯೇ ವರ್ಷಕ್ಕೆ ಶೇ. 4. ಬೆಲೆ ಅಷ್ಟರಲ್ಲೇ ನಿಂತರೂ ಆ 37,700ಕ್ಕೆ ಸಿಗೋ ಸಾಮಾನು, ಮೊದಲ ವರ್ಷದ 14,700ಕ್ಕೆ ಸಿಗುತ್ತಿದ್ದಷ್ಟು. ಶೇ. 5 ಆದ್ರೆ 11,700ಕ್ಕೆ ಸಿಗುತ್ತಿದ್ದಷ್ಟು, ಅಂದ್ರೆ ಹೆಚ್ಚುಕಮ್ಮಿ ಅರ್ಧ. "ಎರಡು ವರ್ಷಕ್ಕೊಮ್ಮೆ" ಅನ್ನೋ ಕಡೆ "ವರ್ಷಕ್ಕೊಮ್ಮೆ" ಅಂತ ಇದ್ದಿದ್ದರೆ, ಶೇ. 5ರ ಬೆಲೆಯೇರಿಕೆಯಲ್ಲೂ 21,000ದ ಬೆಲೆ ಕೊನೆಯವರೆಗೆ ಹಾಗೇ ನಿಲ್ಲುತ್ತಿತ್ತು. ಬದಲಾಗಬೇಕಿದ್ದದ್ದು ಒಂದೇ ಒಂದು ಪದ.

ಇದು ಮೋಸ ಅಂತ ನಾನು ಹೇಳ್ತಿಲ್ಲ. ಎಲ್ಲವೂ ಕಾಗದದ ಮೇಲೆ ಬಹಿರಂಗವಾಗೇ ಇತ್ತು. ಮಳೆ ಕೈಕೊಟ್ಟ ವರ್ಷ ಕಡಲೆಕಾಯಿ ಹೊಲ ಬೀಜದ ದುಡ್ಡನ್ನೂ ವಾಪಸ್ ಕೊಡಲ್ಲ. ಅಂಥ ಕಡೆ ಮಳೆಯ ಹಂಗಿಲ್ಲದ 21,000 ದೊಡ್ಡ ಮಾತೇ. ಆದರೆ ಎರಡೆಕರೆಯವನಿಗೆ ಅದು ತಿಂಗಳಿಗೆ 3,500, ಇಪ್ಪತ್ತೆಕರೆಯವನಿಗೆ 35,000. ಪಹಣಿಯಲ್ಲಿ ಹೆಸರಿಲ್ಲದೆ ಉಳುತ್ತಿದ್ದವನಿಗೆ, ಕಳೆ ಕೀಳೋ ಕೂಲಿಯವಳಿಗೆ, ಕುರಿ ಮೇಯಿಸೋನಿಗೆ ಗುತ್ತಿಗೆ ಹಣದಲ್ಲಿ ಪಾಲಿಲ್ಲ. ಕಾಗೋಡಿನಲ್ಲಿ ಕೂಡಿದವರು ಇಂಥವರೇ. ಪಾವಗಡದ ಚೌಕಾಶಿಯಲ್ಲಿ ಕೂರೋಕೆ ಪಹಣಿಯೇ ಟಿಕೆಟ್ಟು. ನನಗೆ ಬೇಲಿಯ ಚಿತ್ರಗಳನ್ನ ನೋಡಿದಾಗ ಹೆಚ್ಚು ಕಾಡಿದ್ದು 37,700ರ ಲೆಕ್ಕ ಅಲ್ಲ, ಇದು.

ನಮ್ಮ ಕಡೆ ಕೇಳಿಕೊಂಡು ಬಂದವರು ಊರನ್ನ ಕೂರಿಸಿ ಮಾತಾಡ್ತಿಲ್ಲ, ಒಬ್ಬೊಬ್ಬರ ಮನೆಗೇ ಹೋಗ್ತಿದಾರೆ. ಪಕ್ಕದ ಹೊಲದವನಿಗೆ ಎಷ್ಟು ಹೇಳಿದ್ರು ಅಂತ ಇವನಿಗೆ ಗೊತ್ತಿಲ್ಲ. ಕಾಗದ ಇಂಗ್ಲಿಷಿನಲ್ಲಿದೆ. ಅದರ ಏರಿಕೆಯ ಕಲಂ, ಅವಧಿಯ ಕಲಂ, ಕೊನೆಗೆ ಕಂಬ ಕಿತ್ತು ಜಮೀನು ಮಟ್ಟ ಮಾಡಿಕೊಡೋರು ಯಾರು ಅನ್ನೋ ಕಲಂ, ಈ ಮೂರನ್ನ ಕನ್ನಡಕ್ಕೆ ಮಾಡಿ ಅಕ್ಕಪಕ್ಕದ ಹನ್ನೊಂದು ಮನೆಗೆ ಕಳಿಸಿದೀನಿ. ಪಾವಗಡದ ಮೊದಲ ಒಪ್ಪಂದಗಳು ಮುಗಿಯೋದು 2040ರ ದಶಕದಲ್ಲಿ. ಅಷ್ಟರಲ್ಲಿ ಸಹಿ ಹಾಕಿದವರ ಪಹಣಿ ಮಕ್ಕಳ, ಮೊಮ್ಮಕ್ಕಳ ಹೆಸರಿಗೆ ನಾಲ್ಕು ಭಾಗ ಆಗಿರುತ್ತೆ. ಬದುಗಳೆಲ್ಲ ಪ್ಯಾನೆಲ್ಲಿನ ಕೆಳಗೆ. ತಿರುಮಣಿ, ವಳ್ಳೂರು ಕಡೆಯ ಬ್ಲಾಗಿಗರು ಯಾರಾದರೂ ಇದನ್ನ ಓದ್ತಿದ್ರೆ, ನಿಮ್ಮ ಒಪ್ಪಂದದಲ್ಲಿ ಬಾಂದುಗಲ್ಲಿನ ಬಗ್ಗೆ ಏನು ಬರೆದಿದೆ ಅಂತ ತಿಳಿಸ್ತೀರಾ?