ಬ್ರಿಟನ್ನಿನ ವಿದ್ಯಾಲಯಗಳಲ್ಲಿ ಜನಾಂಗ ಸಮಾನತೆ: ಒಂದು ಕಾಯಿದೆಯ ಹಿಂದಿನ ಚರಿತ್ರೆ



ಯಾವುದೇ ಪಠ್ಯವನ್ನು ವ್ಯಾಖ್ಯಾನಿಸುವಾಗ ಮೊದಲು ಅದರ ಕ್ರಿಯಾಪದವನ್ನು ಹಿಡಿಯಬೇಕೆಂಬುದು ನಮ್ಮ ಪಾಠಕ್ರಮದ ಹಳೆಯ ರೂಢಿ. ಬ್ರಿಟನ್ನಿನ ಸಂಸತ್ತು 2000ದಲ್ಲಿ ಅಂಗೀಕರಿಸಿದ ಜನಾಂಗ ಸಂಬಂಧಗಳ ತಿದ್ದುಪಡಿ ಕಾಯಿದೆಯನ್ನು ಓದುವಾಗಲೂ ಈ ರೂಢಿ ಉಪಯೋಗಕ್ಕೆ ಬರುತ್ತದೆ. 1965, 1968 ಮತ್ತು 1976ರ ಕಾಯಿದೆಗಳ ಮುಖ್ಯ ಧಾಟಿ ನಿಷೇಧರೂಪದ್ದು. ಬಣ್ಣ, ಹುಟ್ಟು, ಜನಾಂಗಗಳ ಕಾರಣದಿಂದ ಭೇದ ಮಾಡಕೂಡದು ಎಂಬುದು ಅವುಗಳ ಮಾತು. 2000ದ ಕಾಯಿದೆಯಾದರೋ ವಿಧಿರೂಪದ್ದು. ಭೇದವನ್ನು ಮಾಡದೆ ಸುಮ್ಮನಿದ್ದರೆ ಸಾಲದು. ಅದನ್ನು ನಿವಾರಿಸಬೇಕು, ಸಮಾನ ಅವಕಾಶವನ್ನು ಬೆಳೆಸಬೇಕು, ಜನಾಂಗಗಳ ನಡುವೆ ಒಳ್ಳೆಯ ಸಂಬಂಧವನ್ನು ಉಂಟುಮಾಡಬೇಕು ಎಂದು ಅದು ಶಾಲೆ, ಕಾಲೇಜು, ವಿಶ್ವವಿದ್ಯಾಲಯಗಳಿಗೆ ಹೊಣೆ ಹೊರಿಸಿತು. 'ಮಾಡಬಾರದು' ಎಂಬಲ್ಲಿಂದ 'ಮಾಡಬೇಕು' ಎಂಬಲ್ಲಿಗೆ ಬರಲು ಆ ನಾಡಿಗೆ ಮೂವತ್ತೈದು ವರ್ಷಗಳು ಹಿಡಿದವು. ಆ ವರ್ಷಗಳ ಭಾರವನ್ನು ಹೊತ್ತವರು ಮಕ್ಕಳು ಎಂಬ ಕಾರಣಕ್ಕಾಗಿ ಈ ಚರಿತ್ರೆಯನ್ನು ತುಸು ನಿಧಾನವಾಗಿ ನೋಡುವುದು ಯೋಗ್ಯ.

1948ರ ಜೂನ್ ತಿಂಗಳಲ್ಲಿ 'ಎಂಪೈರ್ ವಿಂಡ್‌ರಷ್' ಎಂಬ ಹಡಗು ಕೆರಿಬಿಯನ್ ದ್ವೀಪಗಳ ಜನರನ್ನು ಹೊತ್ತು ಟಿಲ್ಬರಿ ಬಂದರಿಗೆ ಬಂದುದು ಸುವಿದಿತ. ಯುದ್ಧಾನಂತರದ ಬ್ರಿಟನ್ನಿಗೆ ದುಡಿಯುವ ಕೈಗಳು ಬೇಕಾಗಿದ್ದವು. ಕೈಗಳೊಂದಿಗೆ ಕುಟುಂಬಗಳೂ ಬರುತ್ತವೆ, ಕುಟುಂಬಗಳೊಂದಿಗೆ ಮಕ್ಕಳೂ ಬರುತ್ತಾರೆ ಎಂಬುದನ್ನು ಆಳುವವರು ಮೊದಲೇ ಯೋಚಿಸಿದಂತೆ ಕಾಣುವುದಿಲ್ಲ. 1963ರಲ್ಲಿ ಪಶ್ಚಿಮ ಲಂಡನ್ನಿನ ಸೌತಾಲ್‌ನಲ್ಲಿ ಪಂಜಾಬಿ ಮಕ್ಕಳ ಸಂಖ್ಯೆ ಹೆಚ್ಚಾಯಿತೆಂದು ಬಿಳಿಯ ಪೋಷಕರು ಪ್ರತಿಭಟಿಸಿದಾಗ, ಶಿಕ್ಷಣ ಸಚಿವ ಸರ್ ಎಡ್ವರ್ಡ್ ಬಾಯ್ಲ್ ಅಲ್ಲಿಗೆ ಹೋಗಿ, ಯಾವ ಶಾಲೆಯಲ್ಲಿಯೂ ವಲಸಿಗ ಮಕ್ಕಳು ಶೇ. 30ನ್ನು ಬಹಳವಾಗಿ ಮೀರಬಾರದೆಂಬ ಅಭಿಪ್ರಾಯ ನೀಡಿದರು. 1965ರ ಸರಕಾರಿ ಸುತ್ತೋಲೆ ಇದನ್ನು ಮೂರನೆಯ ಒಂದು ಭಾಗವೆಂದು ನೀತಿಯ ಮಟ್ಟಕ್ಕೆ ಏರಿಸಿತು. ಪರಿಣಾಮವಾಗಿ ಸೌತಾಲ್, ಬ್ರಾಡ್‌ಫರ್ಡ್ ಮೊದಲಾದೆಡೆಗಳಲ್ಲಿ ಮಕ್ಕಳನ್ನು ಬಸ್ಸಿನಲ್ಲಿ ತುಂಬಿ ದೂರದ ಶಾಲೆಗಳಿಗೆ ಕಳುಹಿಸುವ ಪದ್ಧತಿ ಬಂದಿತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಬಸ್ಸು ಹತ್ತಿದವರೆಲ್ಲ ಕಂದುಬಣ್ಣದ ಮತ್ತು ಕಪ್ಪುಬಣ್ಣದ ಮಕ್ಕಳೇ. ಬಿಳಿಯ ಮಕ್ಕಳನ್ನು ಎದುರು ದಿಕ್ಕಿಗೆ ಒಯ್ಯಲಿಲ್ಲ. ಬರ್ಮಿಂಗ್‌ಹ್ಯಾಮ್ ಮತ್ತು ಒಳಲಂಡನ್ನಿನ ಶಿಕ್ಷಣ ಪ್ರಾಧಿಕಾರಗಳು ಈ ಪದ್ಧತಿಯನ್ನು ಒಪ್ಪಲಿಲ್ಲವೆಂಬುದನ್ನೂ ಹೇಳಬೇಕು. ಸೌತಾಲ್‌ನ ಬಸ್ಸುಗಳು ನಿಂತುದು 1980ರ ದಶಕದ ಆರಂಭದಲ್ಲಿ.

ಇದಕ್ಕಿಂತ ಆಳವಾದ ಗಾಯ ಬೇರೊಂದು ಕಡೆ ಆಗುತ್ತಲಿತ್ತು. 1944ರ ಶಿಕ್ಷಣ ಕಾಯಿದೆಯ ಅಡಿಯಲ್ಲಿ ರೂಪುಗೊಂಡ ವರ್ಗಗಳಲ್ಲಿ 'ಶೈಕ್ಷಣಿಕವಾಗಿ ಸಾಮಾನ್ಯಕ್ಕಿಂತ ಕೆಳಗಿನವರು' ಎಂಬುದೊಂದು. ಇಂಗ್ಲಿಷಿನ ಮೂರಕ್ಷರಗಳಲ್ಲಿ ಅದನ್ನು 'ಇ.ಎಸ್.ಎನ್.' ಎಂದು ಕರೆಯುತ್ತಿದ್ದರು. ಆ ಹಣೆಪಟ್ಟಿ ಬಿದ್ದ ಮಗು ಪ್ರತ್ಯೇಕ ಶಾಲೆಗೆ ಹೋಗಬೇಕು. ಅಲ್ಲಿಂದ ಸಾಮಾನ್ಯ ಶಾಲೆಗೆ ಮರಳುವವರು ಬಹಳ ವಿರಳ. 1967ರಲ್ಲಿ ಒಳಲಂಡನ್ ಪ್ರಾಧಿಕಾರದ ಸಾಮಾನ್ಯ ಶಾಲೆಗಳಲ್ಲಿ ವಲಸಿಗ ಮಕ್ಕಳು ಸುಮಾರು ಶೇ. 15 ಇದ್ದರೆ, ಈ ಪ್ರತ್ಯೇಕ ಶಾಲೆಗಳಲ್ಲಿ ಅವರ ಪ್ರಮಾಣ ಸುಮಾರು ಶೇ. 28. ಅವರಲ್ಲಿಯೂ ಮುಕ್ಕಾಲು ಪಾಲು ಕೆರಿಬಿಯನ್ ಮೂಲದವರು.

ಈ ಅಂಕಿಗಳನ್ನು ತಂದೆತಾಯಿಗಳ ಕೈಗೆ ಕೊಟ್ಟವರು ಗ್ರೆನಡಾ ದ್ವೀಪದಿಂದ ಬಂದಿದ್ದ ತರುಣ ಶಿಕ್ಷಕ ಬರ್ನಾರ್ಡ್ ಕೋರ್ಡ್. ಬ್ರಿಟಿಷ್ ಶಾಲಾ ವ್ಯವಸ್ಥೆಯಲ್ಲಿ ಕೆರಿಬಿಯನ್ ಮಗು ಹೇಗೆ ಮಂದಮತಿಯನ್ನಾಗಿ 'ಮಾಡಲ್ಪಡುತ್ತದೆ' ಎಂಬುದನ್ನು ತಲೆಬರಹದಲ್ಲಿಯೇ ಸಾರಿದ ಅವರ ಕಿರುಪುಸ್ತಕ 1971ರಲ್ಲಿ ಹೊರಬಂದಿತು. ಪ್ರಕಟಿಸಿದ್ದು ಜಾನ್ ಲ ರೋಸ್ ಮತ್ತು ಸಾರಾ ವೈಟ್ ಅವರು 1966ರಲ್ಲಿ ಆರಂಭಿಸಿದ ನ್ಯೂ ಬೀಕನ್ ಎಂಬ ಪುಟ್ಟ ಪ್ರಕಾಶನ ಸಂಸ್ಥೆ. ಮಗುವನ್ನು ಅಳೆಯುವ ಪರೀಕ್ಷೆಯಲ್ಲಿ ಸಂಸ್ಕೃತಿಯ ಪಕ್ಷಪಾತವಿದೆ, ವರ್ಗದ ಪಕ್ಷಪಾತವಿದೆ, ಊರು ಬಿಟ್ಟು ಬಂದ ಮಗುವಿನ ಮನಃಕ್ಲೇಶವನ್ನು ಬುದ್ಧಿಯ ಕೊರತೆಯೆಂದು ತಿಳಿಯುವ ಪಕ್ಷಪಾತವೂ ಇದೆ ಎಂಬುದು ಕೋರ್ಡ್ ಅವರ ವಾದ. ಕೆರಿಬಿಯನ್ ಇಂಗ್ಲಿಷಿನಲ್ಲಿ ನಲ್ಲಿಗೆ 'ಪೈಪ್' ಎನ್ನುವುದು ವಾಡಿಕೆ. ಲಂಡನ್ನಿನಲ್ಲಿ ಅದು 'ಟ್ಯಾಪ್'. ಚಿತ್ರವನ್ನು ನೋಡಿ ಮಗು ಪೈಪ್ ಎಂದರೆ ಪರೀಕ್ಷಕನ ಪಟ್ಟಿಯಲ್ಲಿ ಅದು ತಪ್ಪು. ನಮ್ಮಲ್ಲಿ ನಲ್ಲಿ ಎನ್ನಬೇಕಾದಲ್ಲಿ ಕೊಳಾಯಿ ಎಂದ ಹುಡುಗನನ್ನು ಬುದ್ಧಿಮಾಂದ್ಯನೆಂದು ಬೇರೆ ಶಾಲೆಗೆ ಅಟ್ಟಿದರೆ ಹೇಗಿರುತ್ತದೆಂದು ಕಲ್ಪಿಸಿಕೊಳ್ಳಿರಿ!

(ಇದೇ ಕೋರ್ಡ್ ಮುಂದೆ ಗ್ರೆನಡಾದ ಕ್ರಾಂತಿ ಸರಕಾರದಲ್ಲಿ ಉಪಪ್ರಧಾನಿಯಾಗಿ, 1983ರ ರಕ್ತಪಾತದ ಪ್ರಕರಣದಲ್ಲಿ ಶಿಕ್ಷೆಗೊಳಗಾಗಿ, 2009ರವರೆಗೆ ಸೆರೆಮನೆಯಲ್ಲಿದ್ದರು. ಅವರ ಉತ್ತರಜೀವನವನ್ನು ನೆಪಮಾಡಿ ಪುಸ್ತಕವನ್ನು ತಳ್ಳಿಹಾಕುವವರುಂಟು. ಅಂಕಿಗಳು ಕೋರ್ಡ್ ಅವರವಲ್ಲ, ಪ್ರಾಧಿಕಾರದವು ಎಂಬುದನ್ನು ಅವರು ಮರೆಯುತ್ತಾರೆ.)

ತಂದೆತಾಯಿಗಳು ಪುಸ್ತಕಕ್ಕಾಗಿ ಕಾದು ಕುಳಿತಿರಲಿಲ್ಲ. ಉತ್ತರ ಲಂಡನ್ನಿನ ಹ್ಯಾರಿಂಗೇಯಲ್ಲಿ 1969ರಲ್ಲಿ ಮಕ್ಕಳನ್ನು ಬುದ್ಧಿಯಳತೆಯಂತೆ ವಿಂಗಡಿಸಿ ಹಂಚುವ ಯೋಜನೆಯ ಹಿಂದೆ, ಕೆರಿಬಿಯನ್ ಮಕ್ಕಳ ಬುದ್ಧಿಮಟ್ಟ ಕಡಿಮೆಯೆಂಬ ಗುಪ್ತ ಟಿಪ್ಪಣಿಯಿದ್ದುದು ಬಯಲಾದಾಗ ಅವರು ಬೀದಿಗಿಳಿದು ಯೋಜನೆಯನ್ನು ತಡೆದರು. ಅದೇ ವರ್ಷ ಜಾನ್ ಲ ರೋಸ್ ಜಾರ್ಜ್ ಪ್ಯಾಡ್‌ಮೋರ್ ಹೆಸರಿನ ಪೂರಕ ಶಾಲೆಯನ್ನು ತೆರೆದರು. ಇಂತಹ ಶನಿವಾರದ ಶಾಲೆಗಳು ಮನೆಗಳಲ್ಲಿ, ಚರ್ಚುಗಳಲ್ಲಿ, ಸಭಾಭವನಗಳಲ್ಲಿ ಹುಟ್ಟಿಕೊಂಡವು. ಲೆಕ್ಕ, ಓದು, ಬರಹ, ಜೊತೆಗೆ ತಮ್ಮ ಪೂರ್ವಿಕರ ಚರಿತ್ರೆ. ನನ್ನ ಅಲ್ಪಮತಿಗೆ ತೋರುವಂತೆ ಈ ಇಡೀ ಚರಿತ್ರೆಯ ನಿಜವಾದ ಮೂಲ ಇಲ್ಲಿದೆ, ವೆಸ್ಟ್‌ಮಿನ್‌ಸ್ಟರಿನಲ್ಲಲ್ಲ.

ಎಣಿಕೆಯ ವಿಷಯವೇ ಒಂದು ಸ್ವಾರಸ್ಯದ ಕಥೆ. 1960ರ ದಶಕದ ನಡುವಿನಿಂದ ಶಿಕ್ಷಣ ಇಲಾಖೆ ವಲಸಿಗ ಮಕ್ಕಳ ಸಂಖ್ಯೆಯನ್ನು ಸಂಗ್ರಹಿಸುತ್ತಿತ್ತು. ಹೊರಗೆ ಹುಟ್ಟಿದವರು, ಇಲ್ಲವೇ ತಂದೆತಾಯಿ ಬ್ರಿಟನ್ನಿಗೆ ಬಂದು ಹತ್ತು ವರ್ಷ ತುಂಬದವರ ಮಕ್ಕಳು 'ವಲಸಿಗರು' ಎಂಬುದು ಅದರ ಲಕ್ಷಣ. ಹತ್ತು ತುಂಬಿದ ಮಾರನೆಯ ದಿನ ಅಲ್ಲಿಯೇ ಹುಟ್ಟಿದ ಮಗು ಲೆಕ್ಕದಿಂದ ಮಾಯವಾಗುತ್ತಿತ್ತು. ಶಾಲೆಯಲ್ಲಿ ಅದರ ಬಣ್ಣವೇನೂ ಮಾಯವಾಗುತ್ತಿರಲಿಲ್ಲ. ಮಾರ್ಗರೆಟ್ ಥ್ಯಾಚರ್ ಶಿಕ್ಷಣ ಸಚಿವೆಯಾಗಿದ್ದಾಗ, 1973ರಲ್ಲಿ, ಈ ದೋಷಯುಕ್ತ ಎಣಿಕೆಯನ್ನು ಸರಿಪಡಿಸುವ ಬದಲು ನಿಲ್ಲಿಸಲಾಯಿತು. 1990ರವರೆಗೆ ಶಾಲಾ ಮಕ್ಕಳ ರಾಷ್ಟ್ರವ್ಯಾಪಿ ಜನಾಂಗವಾರು ಲೆಕ್ಕವೇ ಇರಲಿಲ್ಲ. ವಿಶ್ವವಿದ್ಯಾಲಯಗಳ ಪ್ರವೇಶಾರ್ಜಿಯಲ್ಲಿ ಈ ಪ್ರಶ್ನೆ ಕಾಣಿಸಿಕೊಂಡದ್ದೂ ಆ ಹೊತ್ತಿನಲ್ಲಿಯೇ.

ಆದ್ದರಿಂದ 1979ರಲ್ಲಿ ಆಂಥನಿ ರಾಂಪ್ಟನ್ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿ ಆರು ಪ್ರಾಧಿಕಾರಗಳ ಮಾಹಿತಿಯನ್ನಷ್ಟೇ ನೆಚ್ಚಬೇಕಾಯಿತು. 1981ರ ಅದರ ಮಧ್ಯಂತರ ವರದಿಯಂತೆ, ಶಾಲಾಂತ್ಯದ ಪರೀಕ್ಷೆಗಳಲ್ಲಿ ಐದು ಅಥವಾ ಹೆಚ್ಚು ಉನ್ನತ ಶ್ರೇಣಿ ಪಡೆದವರು ಕೆರಿಬಿಯನ್ ಮೂಲದವರಲ್ಲಿ ಶೇ. 3, ಏಷ್ಯಾ ಮೂಲದವರಲ್ಲಿ ಶೇ. 18, ಉಳಿದವರಲ್ಲಿ ಶೇ. 16. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರು ಕೆರಿಬಿಯನ್ ಮೂಲದವರಲ್ಲಿ ಶೇ. 1 ಮಾತ್ರ. ಶಿಕ್ಷಕರ ಉದ್ದೇಶಪೂರ್ವಕವಲ್ಲದ ಭೇದಭಾವವೂ ಒಂದು ಕಾರಣವೆಂದು ಸಮಿತಿ ಬರೆಯಿತು. ಅದೇ ವರ್ಷ ರಾಂಪ್ಟನ್ ಸ್ಥಾನ ತೆರವು ಮಾಡಬೇಕಾಯಿತು. ಲಾರ್ಡ್ ಸ್ವಾನ್ ಮುಂದುವರಿಸಿದ ಆ ಕಾರ್ಯ 1985ರಲ್ಲಿ 'ಎಲ್ಲರಿಗೂ ಶಿಕ್ಷಣ' ಎಂಬರ್ಥದ ಹೆಸರಿನ, ಎಂಟುನೂರು ಪುಟಗಳನ್ನು ಮೀರಿದ ವರದಿಯಾಗಿ ಮುಗಿಯಿತು. ಬಿಳಿಯ ಮಕ್ಕಳೇ ಇರುವ ಶಾಲೆಗೂ ಈ ವಿಷಯ ಸಂಬಂಧಿಸಿದೆ ಎಂದುದು ಅದರ ಹೆಗ್ಗಳಿಕೆ. ಈ ನಡುವೆ, ಪೇಟ ಧರಿಸಿದ ಸಿಖ್ ಬಾಲಕನಿಗೆ ಬರ್ಮಿಂಗ್‌ಹ್ಯಾಮ್‌ನ ಖಾಸಗಿ ಶಾಲೆಯೊಂದು ಪ್ರವೇಶ ನಿರಾಕರಿಸಿದ ಮಾಂಡ್ಲಾ ಪ್ರಕರಣದಲ್ಲಿ, ಸಿಖ್ಖರಿಗೂ 1976ರ ಕಾಯಿದೆಯ ರಕ್ಷಣೆಯುಂಟೆಂದು 1983ರಲ್ಲಿ ಲಾರ್ಡ್ಸ್ ಸಭೆ ತೀರ್ಪಿತ್ತಿತು.

1986ರ ಸೆಪ್ಟೆಂಬರಿನಲ್ಲಿ ಮ್ಯಾಂಚೆಸ್ಟರಿನ ಬರ್ನೇಜ್ ಪ್ರೌಢಶಾಲೆಯ ಆವರಣದಲ್ಲಿ ಬಾಂಗ್ಲಾದೇಶ ಮೂಲದ ಹದಿಮೂರು ವರ್ಷದ ಅಹ್ಮದ್ ಇಕ್ಬಾಲ್ ಉಲ್ಲಾ ಅದೇ ಶಾಲೆಯ ಬಿಳಿಯ ಹುಡುಗನೊಬ್ಬನ ಚಾಕುವಿಗೆ ಬಲಿಯಾದನು. ಆ ಶಾಲೆಯಲ್ಲಿ ಜನಾಂಗಭೇದ ವಿರೋಧಿ ನೀತಿ ಇರಲಿಲ್ಲವೇ? ಇತ್ತು. ಬ್ಯಾರಿಸ್ಟರ್ ಇಯಾನ್ ಮ್ಯಾಕ್‌ಡೊನಾಲ್ಡ್ ನೇತೃತ್ವದ ವಿಚಾರಣಾ ಸಮಿತಿ ಹುಡುಕಿ ತೆಗೆದುದು ಇದನ್ನೇ: ನೀತಿ ಕೇವಲ ಸಾಂಕೇತಿಕವಾಗಿತ್ತು, ಮೇಲಿನಿಂದ ಉಪದೇಶದ ಧಾಟಿಯಲ್ಲಿ ಇಳಿದು ಬಂದಿತ್ತು, ಬಡ ಬಿಳಿಯ ಮಕ್ಕಳನ್ನೂ ಅವರ ಹೆತ್ತವರನ್ನೂ ಹುಟ್ಟಾ ಅಪರಾಧಿಗಳೆಂದು ಭಾವಿಸಿ ಹೊರಗಿಟ್ಟಿತ್ತು. ನಗರಸಭೆ ವರದಿಯನ್ನು ಪ್ರಕಟಿಸಲು ಹಿಂಜರಿದುದರಿಂದ ಅದು ಪುಸ್ತಕರೂಪದಲ್ಲಿ 1989ರಲ್ಲಿ ಬೇರೆ ದಾರಿಯಿಂದ ಬೆಳಕು ಕಂಡಿತು. ಪತ್ರಿಕೆಗಳು ಮಾತ್ರ ಭೇದವಿರೋಧಿ ನೀತಿಯೇ ಬಾಲಕನನ್ನು ಕೊಂದಿತೆಂಬಂತೆ ಬರೆದವು. ಸಮಿತಿಯವರು ಈ ಅಪಾರ್ಥವನ್ನು ಖಂಡಿಸಿದರು. ಅವರು ಕೇಳಿದ್ದು ನೀತಿಯ ತ್ಯಾಗವನ್ನಲ್ಲ, ಎಲ್ಲರನ್ನೂ ಒಳಗೊಂಡ ಆಚರಣೆಯನ್ನು.

ಇಷ್ಟಾದರೂ ಕಾನೂನು ಬದಲಾಗಲು ಇನ್ನೊಂದು ಸಾವು ಬೇಕಾಯಿತು. ವಾಸ್ತುಶಿಲ್ಪಿಯಾಗುವ ಕನಸಿದ್ದ ಹದಿನೆಂಟರ ವಿದ್ಯಾರ್ಥಿ ಸ್ಟೀಫನ್ ಲಾರೆನ್ಸ್ 1993ರ ಏಪ್ರಿಲ್ 22ರಂದು ಲಂಡನ್ನಿನ ಎಲ್ಟಮ್‌ನಲ್ಲಿ ಬಸ್ಸಿಗಾಗಿ ಕಾಯುತ್ತಿದ್ದಾಗ ಕೊಲೆಯಾದನು. ಪೊಲೀಸರ ವೈಫಲ್ಯವನ್ನು ಕುರಿತ ಮ್ಯಾಕ್‌ಫರ್ಸನ್ ವರದಿ (1999) 'ಸಾಂಸ್ಥಿಕ ಜನಾಂಗಭೇದ' ಎಂಬ ಮಾತನ್ನು ಮನೆಮಾತಾಗಿಸಿತು. ಅದರ 70 ಶಿಫಾರಸುಗಳಲ್ಲಿ ಕೆಲವು ಶಾಲೆಗೆ ಸಂಬಂಧಿಸಿದವು: ಪಠ್ಯಕ್ರಮದ ತಿದ್ದುಪಡಿ, ಭೇದದ ಘಟನೆಗಳ ದಾಖಲೆ, ಪರಿವೀಕ್ಷಕರ ನಿಗಾ.

ಇದರ ಫಲವೇ ಆರಂಭದಲ್ಲಿ ಹೇಳಿದ ಕಾಯಿದೆ. 2002ರ ಮೇ 31ರೊಳಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಪ್ರತಿಯೊಂದು ಸಾರ್ವಜನಿಕ ಶಾಲೆಯೂ ವಿಶ್ವವಿದ್ಯಾಲಯವೂ ಜನಾಂಗ ಸಮಾನತೆಯ ಲಿಖಿತ ನೀತಿಯನ್ನು ಸಿದ್ಧಪಡಿಸಬೇಕಾಯಿತು. ಆ ನೀತಿಯ ಪರಿಣಾಮವನ್ನು ಮಕ್ಕಳ ಕಲಿಕೆಯ ಮಟ್ಟದಲ್ಲಿ ಅಳೆಯಬೇಕು; ವಿಶ್ವವಿದ್ಯಾಲಯಗಳಾದರೆ ಪ್ರವೇಶ, ಪ್ರಗತಿ, ಅಧ್ಯಾಪಕರ ನೇಮಕ ಮತ್ತು ಬಡ್ತಿಗಳನ್ನೂ ಎಣಿಸಬೇಕು. ಬರ್ನೇಜಿನಲ್ಲಿ ಕಾಗದದ ನೀತಿ ಸೋತುದನ್ನು ಕಂಡಿದ್ದ ನಾಡು ಎಲ್ಲ ಶಾಲೆಗಳಿಂದಲೂ ಕಾಗದವನ್ನೇ ಕೇಳಿತಲ್ಲ ಎಂದು ಮೊದಲ ಓದಿಗೆ ಅನಿಸಬಹುದು. ನನಗೂ ಹಾಗೆಯೇ ಅನಿಸಿತ್ತು. ಎರಡನೆಯ ಓದಿನಲ್ಲಿ, ಕಾಗದದ ಜೊತೆಗೆ ಅಳೆಯುವ ಹೊಣೆಯನ್ನೂ ಕಟ್ಟಿದ್ದು ಈ ಕಾಯಿದೆಯ ಸತ್ವವೆಂದು ಮನದಟ್ಟಾಯಿತು.

2010ರ ಸಮಾನತೆ ಕಾಯಿದೆ ಈ ಹೊಣೆಯನ್ನು ಲಿಂಗ, ಅಂಗವಿಕಲತೆ ಮೊದಲಾದವುಗಳೊಂದಿಗೆ ಒಟ್ಟುಗೂಡಿಸಿತು. 2011ರಿಂದ ಇಂಗ್ಲೆಂಡಿನಲ್ಲಿ ಪ್ರತ್ಯೇಕ ಲಿಖಿತ ಜನಾಂಗ ನೀತಿಯ ಕಡ್ಡಾಯ ಹೋಯಿತು. ಮಾಹಿತಿ ಪ್ರಕಟಿಸಿ, ನಾಲ್ಕು ವರ್ಷಕ್ಕೊಮ್ಮೆಯಾದರೂ ಗುರಿಗಳನ್ನು ಹೇಳಿದರೆ ಸಾಕಾಯಿತು. ಉನ್ನತ ಶಿಕ್ಷಣಕ್ಕೆ 2016ರಲ್ಲಿ ಸ್ವಯಂಪ್ರೇರಿತವಾದ ಜನಾಂಗ ಸಮಾನತೆ ಸನ್ನದು ಬಂದಿತು. 2019ರ ವರದಿಯೊಂದರಲ್ಲಿ ವಿಶ್ವವಿದ್ಯಾಲಯಗಳ ಒಕ್ಕೂಟವೂ ವಿದ್ಯಾರ್ಥಿ ಸಂಘಟನೆಯೂ ಕೂಡಿ, ಉತ್ತಮ ದರ್ಜೆಯ ಪದವಿ ಪಡೆಯುವಲ್ಲಿ ಬಿಳಿಯ ಹಾಗೂ ಬಿಳಿಯರಲ್ಲದ ವಿದ್ಯಾರ್ಥಿಗಳ ನಡುವೆ 13 ಶೇಕಡಾಂಶಗಳ ಅಂತರವಿದೆಯೆಂದು ಒಪ್ಪಿಕೊಂಡವು. ಕಪ್ಪು ಪ್ರಾಧ್ಯಾಪಕರ ಪ್ರಮಾಣವಂತೂ 2020ರ ದಶಕದ ಆರಂಭದಲ್ಲಿಯೂ ಶೇ. 1ರ ಆಸುಪಾಸಿನಲ್ಲೇ ಇತ್ತು.

ಈಗಿನ ಶಾಲಾ ಅಂಕಿಅಂಶಗಳಲ್ಲಿ ಕಲಮುಗಳು ಸೂಕ್ಷ್ಮವಾಗಿವೆ. ಅಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳು ಸಾಮಾನ್ಯವಾಗಿ 'ಭಾರತೀಯ' ಎಂಬ ಕಲಮಿನಲ್ಲಿ ಸೇರುತ್ತಾರೆ. ಫಲಿತಾಂಶದಲ್ಲಿ ಆ ಕಲಮು, ಚೀನೀ ಮೂಲದವರ ಕಲಮಿನೊಂದಿಗೆ, ಎಲ್ಲರಿಗಿಂತ ಮುಂದಿನ ಸಾಲಿನಲ್ಲಿದೆ. ಆಫ್ರಿಕಾ ಮೂಲದ ಕಪ್ಪು ಮಕ್ಕಳು ಹದಿನಾರರ ವಯಸ್ಸಿನ ಪರೀಕ್ಷೆಯಲ್ಲಿ ಬಿಳಿಯ ಬ್ರಿಟಿಷ್ ಮಕ್ಕಳ ಸರಾಸರಿಯನ್ನು ದಾಟಿದ್ದಾರೆ. ಕೆರಿಬಿಯನ್ ಮೂಲದವರು ಇನ್ನೂ ಹಿಂದಿದ್ದಾರೆ, ಶಾಲೆಯಿಂದ ಶಾಶ್ವತವಾಗಿ ಹೊರಹಾಕಲ್ಪಡುವವರ ಲೆಕ್ಕದಲ್ಲಿ ಇನ್ನೂ ಮುಂದಿದ್ದಾರೆ. ಎರಡನ್ನೂ 'ಕಪ್ಪು' ಎಂಬ ಒಂದೇ ಕಲಮಿನಲ್ಲಿ ಕೂಡಿಸಿದ್ದರೆ ಕೋರ್ಡ್ ಅವರು 1971ರಲ್ಲಿ ತೋರಿಸಿದ ಮಕ್ಕಳ ಮೊಮ್ಮಕ್ಕಳು ಸರಾಸರಿಯೊಳಗೆ ಕಾಣದೆ ಹೋಗುತ್ತಿದ್ದರು.