ಹಿಮಗಟ್ಟಿಸಿದ ಇಲಿ ಮತ್ತು ಹಟಮಾರಿ ಹಾವು: ಸಾಕು ಹೆಬ್ಬಾವಿಗೆ ಆಹಾರ ರೂಢಿಸುವ ಕ್ರಮ

ಹಾವು ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ನಾಗರಪಂಚಮಿ, ಹುತ್ತ ಮತ್ತು ಹಾಲು. ವಾಸ್ತವದಲ್ಲಿ ಹಾಲು ಹಾವಿನ ಆಹಾರವಲ್ಲ. ಹಾವು ಸಂಪೂರ್ಣ ಮಾಂಸಾಹಾರಿ. ಇಂಗ್ಲೆಂಡ್, ಅಮೆರಿಕಗಳಲ್ಲಿ ನಾಯಿ ಬೆಕ್ಕುಗಳಂತೆ ಹಾವುಗಳನ್ನೂ ಮನೆಯಲ್ಲಿ ಸಾಕುವವರಿದ್ದಾರೆ. ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ತಂಗಿಯ ಮನೆಗೆ ಹೋಗಿದ್ದಾಗ, ಅವಳ ಮಗ ಸಾಕಿದ್ದ ಹೆಬ್ಬಾವೊಂದು ವಾರಗಟ್ಟಲೆ ಆಹಾರ ಮುಟ್ಟದೆ ಮನೆಮಂದಿಯನ್ನೆಲ್ಲ ಚಿಂತೆಗೀಡುಮಾಡಿತ್ತು. ಆಗ ಓದಿ, ಕೇಳಿ, ಕಣ್ಣಾರೆ ಕಂಡು ತಿಳಿದುಕೊಂಡ ಸಂಗತಿಗಳನ್ನು ವಾಚಕರ ಮುಂದಿಡುತ್ತಿದ್ದೇವೆ.

ಮೊದಲಿಗೆ ಒಂದು ಎಚ್ಚರಿಕೆಯ ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ವಯ ನಮ್ಮ ನಾಡಿನ ಹೆಬ್ಬಾವು, ನಾಗರಹಾವು, ಕೇರೆಹಾವುಗಳನ್ನು ಹಿಡಿಯುವುದಾಗಲಿ ಮನೆಯಲ್ಲಿ ಸಾಕುವುದಾಗಲಿ ಅಪರಾಧ. 2022ರ ತಿದ್ದುಪಡಿಯ ನಂತರ, ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳ ನೋಂದಣಿಯೂ ಕಡ್ಡಾಯವಾಗಿದೆ. ಆದ್ದರಿಂದ ಮುಂದಿನ ವಿವರಗಳು ಕಾನೂನಿನ ಅನುಮತಿಯಿರುವೆಡೆ ಸಾಕುವವರಿಗೆ ಮಾತ್ರ ಅನ್ವಯಿಸುತ್ತವೆ.

ಹಾವಿನ ಪರಿಚಯ

ಇಲ್ಲಿ ಹೇಳುತ್ತಿರುವುದು ಪಶ್ಚಿಮ ಮತ್ತು ಮಧ್ಯ ಆಫ್ರಿಕಾ ಮೂಲದ ಸಣ್ಣ ಹೆಬ್ಬಾವನ್ನು ಕುರಿತು. ಬ್ರಿಟನ್ನಿನಲ್ಲಿ ಇದನ್ನು ರಾಯಲ್ ಪೈಥಾನ್ ಎಂದೂ, ಅಮೆರಿಕದಲ್ಲಿ ಬಾಲ್ ಪೈಥಾನ್ ಎಂದೂ ಕರೆಯುತ್ತಾರೆ. ಹೆದರಿದಾಗ ತಲೆಯನ್ನು ನಡುವೆ ಅಡಗಿಸಿ ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಎರಡನೆಯ ಹೆಸರು ಬಂದಿದೆ. ಇದಕ್ಕೆ ವಿಷವಿಲ್ಲ. ಸಾಮಾನ್ಯವಾಗಿ ಮೂರರಿಂದ ಐದು ಅಡಿ ಬೆಳೆಯುತ್ತದೆ; ಒಳ್ಳೆಯ ಆರೈಕೆಯಲ್ಲಿ 20ರಿಂದ 30 ವರ್ಷ ಬದುಕುತ್ತದೆ. ಊಟದ ವಿಷಯದಲ್ಲಿ ಮಾತ್ರ ಇದು ಪ್ರಸಿದ್ಧ ಹಟಮಾರಿ. ಆರೋಗ್ಯವಂತ ವಯಸ್ಕ ಹಾವು ತಿಂಗಳುಗಟ್ಟಲೆ ಉಪವಾಸವಿರುವುದುಂಟು.

ಜೀವಂತ ಇಲಿ ಏಕೆ ಬೇಡ?

ಮೂಲೆಗೆ ಸಿಕ್ಕಿದ ಇಲಿ ಕಚ್ಚದೆ ಬಿಡುವುದಿಲ್ಲ. ಹಸಿವಿಲ್ಲದ ಹಾವಿನೊಡನೆ ಅದನ್ನು ಪೆಟ್ಟಿಗೆಯಲ್ಲಿ ಬಿಟ್ಟರೆ ಹಾವಿನ ಕಣ್ಣು, ಬೆನ್ನುಗಳನ್ನು ಆಳವಾಗಿ ಗಾಯಗೊಳಿಸಬಲ್ಲದು. ನಮ್ಮ ಸೋದರಳಿಯನ ಹಾವಿನ ಕಣ್ಣಿನ ಪಕ್ಕದಲ್ಲಿ ಅಂಥದೇ ಒಂದು ಹಳೆಯ ಗಾಯದ ಗುರುತಿತ್ತು. ಹಿಂದಿನ ಒಡೆಯ ಅದಕ್ಕೆ ಜೀವಂತ ಇಲಿಗಳನ್ನೇ ಹಾಕುತ್ತಿದ್ದನಂತೆ. ಮೊದಲೇ ಕೊಂದು ಹಿಮಗಟ್ಟಿಸಿದ ಇಲಿಯಿಂದ ಈ ಅಪಾಯವಿಲ್ಲ. ಫ್ರೀಜರಿನಲ್ಲಿ ತಿಂಗಳುಗಳ ಕಾಲ ಇಡಬಹುದು. ಇಲಿಯೂ ಭಯದಿಂದ ನರಳಿ ಸಾಯಬೇಕಾಗಿಲ್ಲ.

ಹಾವು ಒಪ್ಪದಿರಲು ಕಾರಣ

ಈ ಹೆಬ್ಬಾವು ಬೇಟೆಯನ್ನು ಮೂರು ಲಕ್ಷಣಗಳಿಂದ ಗುರುತಿಸುತ್ತದೆ: ವಾಸನೆ, ಶಾಖ ಮತ್ತು ಚಲನೆ. ನಾಲಗೆ ಚಾಚಿ ವಾಸನೆಯ ಕಣಗಳನ್ನು ಬಾಯಿಯ ಮೇಲ್ಭಾಗದಲ್ಲಿರುವ ಅಂಗಕ್ಕೆ ತಲುಪಿಸುತ್ತದೆ. ತುಟಿಯ ಮೇಲಿನ ಸಣ್ಣ ಕುಳಿಗಳು ಬಿಸಿರಕ್ತದ ಪ್ರಾಣಿಯ ಶಾಖವನ್ನು ಗ್ರಹಿಸುತ್ತವೆ. ತಣ್ಣಗೆ, ಅಲುಗಾಡದೆ ಬಿದ್ದಿರುವ ಇಲಿಯಲ್ಲಿ ಶಾಖವೂ ಇಲ್ಲ, ಚಲನೆಯೂ ಇಲ್ಲ. ಅವೆರಡನ್ನೂ ನಾವೇ ಒದಗಿಸಿಕೊಡುವುದು ಈ ವಿದ್ಯೆಯ ಸಾರ.

ಮೊದಲು ಮನೆ, ಆಮೇಲೆ ಊಟ

ಹೊಸ ಮನೆಗೆ ಬಂದ ಹಾವಿಗೆ ಒಂದೆರಡು ವಾರ ವಿಶ್ರಾಂತಿ ಕೊಡಬೇಕು. ಪದೇ ಪದೇ ಎತ್ತಿಕೊಳ್ಳಬಾರದು. ಪೆಟ್ಟಿಗೆಯ ಒಂದು ಬದಿ ಸುಮಾರು 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ಬದಿ 25ರಿಂದ 27 ಡಿಗ್ರಿ ಇರಬೇಕು. ಎರಡೂ ಬದಿಯಲ್ಲಿ ಮೈಗೆ ಒತ್ತಿಕೊಳ್ಳುವಷ್ಟು ಇಕ್ಕಟ್ಟಾದ ಅಡಗುದಾಣಗಳಿರಬೇಕು. ಶಾಖ ಸಾಲದಿದ್ದರೆ ತಿಂದದ್ದು ಜೀರ್ಣವಾಗುವುದಿಲ್ಲ. ಹಾವು ಉಣ್ಣುವುದೂ ಇಲ್ಲ. ಕಣ್ಣುಗಳು ಮಬ್ಬುನೀಲಿಯಾಗಿದ್ದರೆ ಪೊರೆ ಕಳಚುವ ಕಾಲ ಬಂದಿದೆ ಎಂದು ತಿಳಿದು ಕಾಯಬೇಕು.

ಇಲಿಯನ್ನು ಸಿದ್ಧಪಡಿಸುವುದು

ಹಾವಿನ ಮೈಯ ಅತ್ಯಂತ ದಪ್ಪ ಭಾಗಕ್ಕೆ ಸರಿಸಮನಾದ ಗಾತ್ರದ ಇಲಿಯನ್ನು ಆರಿಸಬೇಕು. ಹಿಂದಿನ ರಾತ್ರಿಯೇ ಫ್ರೀಜರಿನಿಂದ ತೆಗೆದು ಫ್ರಿಜ್ಜಿನ ಕೆಳಭಾಗದಲ್ಲಿ, ಆಹಾರ ಪದಾರ್ಥಗಳಿಂದ ದೂರವಾಗಿ, ಮುಚ್ಚಿದ ಡಬ್ಬಿಯಲ್ಲಿಡಬೇಕು. ಮರುದಿನ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬಿಸಿನೀರಿನಲ್ಲಿ ಅದ್ದಿಟ್ಟು, ಮೇಲ್ಮೈ ಸುಮಾರು 38 ಡಿಗ್ರಿಗೆ ಬರುವಂತೆ ಮಾಡಬೇಕು. ಹೊಟ್ಟೆಯ ಭಾಗವನ್ನು ಒತ್ತಿ ನೋಡಿ, ಒಳಗೆ ಗಡ್ಡೆ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮೈಕ್ರೋವೇವ್ ಸರ್ವಥಾ ಕೂಡದು. ಅದರಲ್ಲಿ ಒಂದು ಭಾಗ ಬೆಂದು ಇನ್ನೊಂದು ಭಾಗ ತಣ್ಣಗೇ ಉಳಿಯುತ್ತದೆ. ಉಳಿದ ಇಲಿಯನ್ನು ಮತ್ತೆ ಹಿಮಗಟ್ಟಿಸಬಾರದು.

ಬಡಿಸುವ ಕ್ರಮ

ಇದು ನಿಶಾಚರ ಜೀವಿ. ಸಂಜೆಗತ್ತಲಾದ ಮೇಲೆ ದೀಪ ಆರಿಸಿ, ಉದ್ದನೆಯ ಇಕ್ಕುಳದಿಂದ ಇಲಿಯನ್ನು ಹಿಡಿದು, ಅಡಗುದಾಣದ ಬಾಯಿಯ ಬಳಿ ನಿಧಾನವಾಗಿ ಅಲುಗಾಡಿಸಬೇಕು; ಮುಖಕ್ಕೆ ತಿವಿಯಬಾರದು. ತಲೆಯ ಭಾಗ ಉಳಿದ ಮೈಗಿಂತ ತುಸು ಬೆಚ್ಚಗಿದ್ದರೆ ಹಾವು ಅಲ್ಲಿಗೇ ಗುರಿಯಿಡುತ್ತದೆ. ಹಿಡಿಯದಿದ್ದರೆ ಇಲಿಯನ್ನು ಅಲ್ಲಿಯೇ ಬಿಟ್ಟು ಹೊರಬಂದು, ಬೆಳಿಗ್ಗೆ ತೆಗೆದುಹಾಕಬೇಕು. ಐದಾರು ದಿನ ಬಿಟ್ಟು ಮರುಪ್ರಯತ್ನ ಮಾಡಬೇಕು. ದಿನವೂ ಪೀಡಿಸಿದರೆ ಹಟ ಹೆಚ್ಚುತ್ತದೆ.

ಆಗಲೂ ಒಪ್ಪದಿದ್ದರೆ ಬೇರೆ ಉಪಾಯಗಳಿವೆ. ಜರ್ಬಿಲ್ ಎಂಬ ಸಣ್ಣ ಇಲಿಜಾತಿಯ ಪ್ರಾಣಿ ಮಲಗಿದ್ದ ಹಾಸಿನಲ್ಲಿ ಇಲಿಯನ್ನು ಹೊರಳಿಸಿ ವಾಸನೆ ಹಚ್ಚಬಹುದು. ಚಿಕ್ಕಿಲಿ ತಿಂದು ಬೆಳೆದ ಹಾವಿಗೆ ಹೆಗ್ಗಣದ ಮರಿಯ ಬದಲು ಚಿಕ್ಕಿಲಿಯನ್ನೇ ಕೊಟ್ಟು ನೋಡಬಹುದು. ಜೀವಂತ ಬೇಟೆಗೆ ಒಗ್ಗಿದ ಹಾವಿಗೆ ಆಗತಾನೆ ಕೊಂದ ಬಿಸಿ ಇಲಿಯನ್ನು ಕೆಲವು ಸಲ ಕೊಟ್ಟು, ಅನಂತರ ಹಿಮಗಟ್ಟಿಸಿದ್ದಕ್ಕೆ ಬದಲಾಯಿಸುವುದೂ ರೂಢಿಯಲ್ಲಿದೆ.

ತೂಕದ ಲೆಕ್ಕ

"ಮಾವ, ಇದು ಉಪವಾಸದಿಂದ ಸತ್ತೇ ಹೋಗುತ್ತದೆ, ಜೀವಂತ ಇಲಿಯನ್ನೇ ತಂದುಬಿಡುತ್ತೇನೆ" ಎಂದು ಹುಡುಗ ಕಣ್ಣೀರು ತುಂಬಿಕೊಂಡ. ಬ್ಯಾಂಕಿನಲ್ಲಿ ಲೆಕ್ಕ ಬರೆದು ಪಳಗಿದ ನಾವು ಒಂದು ಪುಸ್ತಕ ತೆರೆದು, ವಾರಕ್ಕೊಮ್ಮೆ ಹಾವಿನ ತೂಕ ಬರೆಯಲು ಹೇಳಿದೆವು. ಐದು ವಾರಗಳಲ್ಲಿ ಅದು 820 ಗ್ರಾಮಿನಿಂದ 796ಕ್ಕೆ ಇಳಿದಿತ್ತು, ಅಂದರೆ ನೂರಕ್ಕೆ ಮೂರು ಪಾಲಷ್ಟೆ. ಅಂಕಿಗಳನ್ನು ಕಂಡು ಹುಡುಗನಿಗೆ ಧೈರ್ಯ ಬಂತು. ನೂರಕ್ಕೆ ಹತ್ತು ಪಾಲು ಇಳಿದರೆ, ಉಸಿರಾಟದಲ್ಲಿ ಸದ್ದು ಅಥವಾ ಬಾಯಲ್ಲಿ ಲೋಳೆ ಕಂಡರೆ, ಇಲ್ಲವೇ ಎಳೆಯ ಮರಿ ಉಣ್ಣದೇ ಇದ್ದರೆ ತಡಮಾಡದೆ ಸರೀಸೃಪಗಳನ್ನು ಬಲ್ಲ ಪಶುವೈದ್ಯರಲ್ಲಿಗೆ ಒಯ್ಯಬೇಕು. ಬಲವಂತವಾಗಿ ತುರುಕುವುದು ವೈದ್ಯರ ಕೆಲಸ, ಮನೆಯವರದಲ್ಲ.

ಶುಚಿತ್ವ

ಹಿಮಗಟ್ಟಿಸಿದ ಮಾತ್ರಕ್ಕೆ ಸಾಲ್ಮೊನೆಲ್ಲಾ ರೋಗಾಣು ಸಾಯುವುದಿಲ್ಲ. ಇಲಿಗೆ ಬಳಸುವ ಪಾತ್ರೆ, ಇಕ್ಕುಳಗಳು ಅಡುಗೆಮನೆಯವಾಗಿರಬಾರದು. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು. ಐದು ವರ್ಷದೊಳಗಿನ ಮಕ್ಕಳನ್ನು ದೂರವಿಡಬೇಕು. ಉಂಡ ಹಾವನ್ನು ಎರಡು ದಿನ ಎತ್ತಿಕೊಳ್ಳಬಾರದು. ಎತ್ತಿದರೆ ಉಂಡದ್ದನ್ನು ಕಕ್ಕಿಬಿಡಬಹುದು.

ನಾವು ಊರಿಗೆ ಹೊರಡುವ ಹಿಂದಿನ ರಾತ್ರಿ ಹುಡುಗ ದೀಪ ಆರಿಸಿ ಇಲಿಯನ್ನು ಅಡಗುದಾಣದ ಬಳಿ ಬಿಟ್ಟು ಬಂದ. ಬೆಳಿಗ್ಗೆ ನೋಡಿದರೆ ಇಲಿ ಇರಲಿಲ್ಲ. ಹಾವಿನ ಹೊಟ್ಟೆ ಉಬ್ಬಿತ್ತು. ಮೂಕಪ್ರಾಣಿಯನ್ನು ಮನೆಗೆ ತಂದ ಮೇಲೆ ಅದರ ಹಸಿವನ್ನು ಅದರ ಗತಿಯಲ್ಲೇ ಅರಿತುಕೊಳ್ಳುವ ಹೊಣೆ ಸಾಕಿದವರದು. ಹುಡುಗ ಲೆಕ್ಕದ ಪುಸ್ತಕದಲ್ಲಿ ಅಂದಿನ ತಾರೀಖು ಬರೆದು, ಮುಂದಿನ ಊಟದ ದಿನವನ್ನೂ ಗುರುತುಹಾಕಿಕೊಂಡ.